ಪೆಟ್ರೋಲಿನ ವಾಸನೆಯ ಕೈ

ಬಂಟ್ವಾಳದ ಗ್ಯಾರೇಜಿನ ಮೆಕ್ಯಾನಿಕ್ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ ಎಂಜಿನ್ನಿನ ಸದ್ದು ಕೇಳುತ್ತಿದ್ದ. "ಓಡುವ ಎಂಜಿನ್ ಕುಡಿಯದೆ ಇರ್ತದಾ?" ಎನ್ನುವುದು ಅವನ ಮಾತು.

ಬೆಳ್ತಂಗಡಿಯ ಏರಿನಲ್ಲಿ ನಾವು ಬಾಡಿಗೆಗೆ ಓಡಿಸುವ ಕಾರು ಬೇಗ ಓಡಬೇಕೆಂದು ನನ್ನ ಗಂಡ ಅವನಿಂದ ಬೇರೆ ಕ್ಯಾಮ್‌ಶಾಫ್ಟ್, ಅಂದರೆ ಎಂಜಿನ್ನಿನ ಕವಾಟಗಳನ್ನು ತೆರೆಯುವ ದಂಡ, ಹಾಕಿಸಿದರು. ಆಮೇಲೆ ಪೆಟ್ರೋಲು ಬೇಗ ಮುಗಿಯತೊಡಗಿತು. ರಾತ್ರಿ ಕಾರು ನಿಲ್ಲುತ್ತಿದ್ದದ್ದು ಅವನ ಗ್ಯಾರೇಜಿನಲ್ಲೇ.

"ಪೆಟ್ರೋಲು ಕದ್ದದ್ದು ನೀನೇ. ನಿನ್ನ ಕೈಯ ವಾಸನೆಯೇ ಹೇಳ್ತದೆ" ಎಂದು ಹತ್ತು ಜನರೆದುರು ಅವನಿಗೆ ಹೇಳಿದೆ.

ಅವನು ಜಗಳ ಮಾಡಲಿಲ್ಲ. ಪೆಟ್ರೋಲು ತುಂಬಿದ ಒಂದು ಬಾಟಲಿಯನ್ನು ಟ್ಯಾಂಕಿನ ಬದಲು ಎಂಜಿನ್ನಿಗೆ ಜೋಡಿಸಿ, ನನ್ನನ್ನು ಕೂರಿಸಿ ಓಡಿಸಿದ. ಕಾರು ಪಕ್ಕದ ಊರು ಮೆಲ್ಕಾರ್ ಮುಟ್ಟದೆ ನಿಂತಿತು. ಮರುದಿನ ಹಳೆಯ ಶಾಫ್ಟ್ ಹಾಕಿ, ಅಷ್ಟೇ ಪೆಟ್ರೋಲಿನಲ್ಲಿ ಮೆಲ್ಕಾರ್ ದಾಟಿಸಿದ.

"ಕುಡಿದದ್ದು ಎಂಜಿನ್, ನಾನಲ್ಲ ಅಕ್ಕ."

ತಪ್ಪಾಯಿತು ಎನ್ನದೆ ನಾನು ಮನೆಗೆ ಹೊರಟೆ. ಆಮೇಲೆ ನಾನು ಹೋದಾಗಲೆಲ್ಲ ಅವನು ಸೋಪು ಹಚ್ಚಿ ತೊಳೆದ ಎರಡೂ ಕೈಗಳನ್ನು ನನ್ನ ಮುಂದೆ ಹಿಡಿಯುತ್ತಿದ್ದ. "ಮೂಸಿ ನೋಡಿ ಅಕ್ಕ" ಎಂದು ನಗುತ್ತಿದ್ದ. ನಾನು ನೆಲ ನೋಡುತ್ತಿದ್ದೆ.