ಹುಳ ಹುಡುಕುವ ಆಟ

ಜವಳಗೇರಾದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಭತ್ತದ ನಾಟಿಗೆ ಹೊರಟ ಹೆಂಗಸರನ್ನು ತುಂಬಿಕೊಂಡ ಟ್ರ್ಯಾಕ್ಟರ್ ಎಂಜಿನ್ ಆರಿಸದೆಯೇ ಅಂಗನವಾಡಿಯ ಮುಂದೆ ನಿಲ್ಲುತ್ತದೆ. ತಾಯಂದಿರು ಮೇಲಿನಿಂದ ನಿದ್ದೆಗಣ್ಣಿನ ಮಕ್ಕಳನ್ನು ಇಳಿಬಿಡುತ್ತಾರೆ, ಕಾರ್ಯಕರ್ತೆ ಅಮರಮ್ಮ ಕೆಳಗೆ ನಿಂತು ಎತ್ತಿಕೊಳ್ಳುತ್ತಾರೆ. ಕೇಂದ್ರ ತೆರೆಯುವ ಹೊತ್ತು ಇನ್ನೂ ದೂರವಿದೆ. ನಾಟಿಯ ದಿನಗಳಲ್ಲಿ ಅವರಿಗೆ ಟ್ರ್ಯಾಕ್ಟರೇ ಗಡಿಯಾರ.

"ಬಾಯಿ ತೊಳಕೊಳ್ಳಾರದ ಬಂದೀರಿ ಹೌದಿಲ್ಲೋ? ಬರ್ರಿ, ಮೊದಲ ತೆನಿಯಮ್ಮನ ಹಲ್ಲು ತಿಕ್ಕೂಣು."

ತೆನಿಯಮ್ಮ ಎಂದರೆ ಎರಡು ಮೆಕ್ಕೆಜೋಳದ ತೆನೆ. ಒಂದು ಮೇಲಿನ ದವಡೆ, ಇನ್ನೊಂದು ಕೆಳಗಿನದು. ಕಾಳಿನ ಸಂದಿಗೆಲ್ಲ ಬೆಲ್ಲ ಮೆತ್ತಿದೆ. ಮಕ್ಕಳು ಬ್ರಷ್ ಹಿಡಿದು ಮುಗಿಬೀಳುತ್ತಾರೆ. "ಮ್ಯಾಲಿನ ಮನಿ ಕಸ ಹೊಡಿ, ಕೆಳಗಿನ ಮನಿ ಕಸ ಹೊಡಿ, ಹಿತ್ತಲ ಮರೀಬ್ಯಾಡ" ಎಂದು ಅಮರಮ್ಮ ರಾಗ ಎಳೆಯುತ್ತಾರೆ. ಹಿತ್ತಲೆಂದರೆ ದವಡೆಹಲ್ಲು. ತೆನೆ ಹೊಳೆದ ಮೇಲೆ ಅವರವರ ಬಾಯಿಯ ಸರದಿ. ಇರುವುದು ಒಂದೇ ನಲ್ಲಿ, ಮಕ್ಕಳು ಇಪ್ಪತ್ತಕ್ಕೂ ಹೆಚ್ಚು. ತೂಕ ನೋಡಬೇಕು, ಮೊಟ್ಟೆ ಬೇಯಿಸಬೇಕು, ಮೊಬೈಲಿನಲ್ಲಿ ಹಾಜರಿ ತುಂಬಬೇಕು. ಲಿಂಗಸುಗೂರು ಕಡೆಯಿಂದ ಸೊಸೆಯಾಗಿ ಬಂದ ಅಮರಮ್ಮ ಮೂವತ್ತರೊಳಗೇ ದವಡೆಹಲ್ಲು ಕೀಳಿಸಿಕೊಂಡವರು. "ಆ ನೋವು ವೈರಿ ಹಲ್ಲಿಗೂ ಬ್ಯಾಡ್ರೀ" ಎನ್ನುತ್ತಾರೆ.

ಆಟ ಮೊದಲು ಹೀಗಿರಲಿಲ್ಲ. ಆಗ ಅವರು ಹಲ್ಲು ತಿಕ್ಕದವರ ಬಾಯಿಗೆ ಹುಳ ಸೇರುತ್ತದೆಂಬ ಕತೆ ಹೇಳುತ್ತಿದ್ದರು. ಈ ಸೀಮೆಯಲ್ಲಿ ಹಲ್ಲುನೋವೆಂದರೆ ಹುಳ. ಸಂತೆಗೆ ಬರುವ ಔಷಧಿಯವರು ಅದನ್ನು 'ತೆಗೆದು' ಅಂಗೈ ಮೇಲೆ ತೋರಿಸುತ್ತಾರೆ. ನಾಲ್ಕು ವರ್ಷದ ನಜ್ಮಾ ಕತೆಯನ್ನು ಪೂರಾ ನಂಬಿದಳು. ತುತ್ತಿನ ಜೊತೆ ಹುಳ ಹೊಟ್ಟೆಗೆ ಇಳಿಯುತ್ತದೆಂದು ಬಾಯಿ ಬಿಗಿದು ಕೂತಳು. ಅನ್ನವಿಲ್ಲ, ಹಾಲಿಲ್ಲ.

ಮರುದಿನ ಅವಳ ಅಜ್ಜಿ ಮಕ್ತುಂಬೀ ಮಗುವನ್ನು ಸೊಂಟದ ಮೇಲೆ ಹೊತ್ತು ಬಂದು ಗುಡುಗಿದರು: "ಏನ್ ಟೀಚರ್, ನಿಮ್ಮ ಕತಿ ನನ್ನ ಕೂಸಿನ ಹೊಟ್ಟಿ ಮ್ಯಾಲ ಹೊಡದೈತಿ! ನಿನ್ನಿಯಿಂದ ಒಂದ್ ಅಗಳು ಇಳಿದಿಲ್ಲ. ಸಂತ್ಯಾಗ ಹುಳ ತೆಗಸಾಕ ಹೊಂಟೀನಿ."

"ಸಂತ್ಯಾಗ ಕಾಸಿದ ತಂತಿ ಹಲ್ಲಾಗ ಚುಚ್ಚೋರು ಅದಾರ್ರೀ" ಎಂದು ಅಮರಮ್ಮ ನೆನೆಯುತ್ತಾರೆ. ಅವರು ವಾದ ಮಾಡಲಿಲ್ಲ. ನೆಲಕ್ಕೆ ಕೂತು ತಮ್ಮ ಬಾಯಿ ತೆರೆದು, ಮಗುವಿನ ಕೈಗೆ ಮೊಬೈಲ್ ಟಾರ್ಚ್ ಕೊಟ್ಟರು. "ಹುಡುಕವ್ವಾ. ಸಿಕ್ರ ಹೊರಗ ಜಗ್ಗು."

ನಜ್ಮಾ ಇಣುಕಿದಳು. ಇಲ್ಲವೆಂದು ತಲೆಯಾಡಿಸಿದಳು. ಅನುಮಾನ ಹೋಗದೆ ಅಜ್ಜಿಯ ಕಡೆ ತಿರುಗಿದಳು. ಮಕ್ತುಂಬೀ ಗೊಣಗುತ್ತಲೇ ಬಾಯಿ ಬಿಟ್ಟರು.

"ದಾದೀ, ಹುಳ ನಿನ್ನ ಹಲ್ಲೇ ತಿಂದು ಓಡಿಹೋಗ್ಯಾವು!"

"ನಿನ್ನ ನಾಲಿಗಿ ಸುಡ್ಲಿ, ಹಲ್ಕಟ್!" ಎಂದು ಅಜ್ಜಿ ಬೈಯುತ್ತಿದ್ದಂತೆ ಮಗು ಕಿಲಕಿಲ ನಕ್ಕಿತು. ನಗುವಾಗ ಬಾಯಿ ತೆರೆಯಿತು. ಒಳಗಿದ್ದದ್ದು ಒಂದು ಕರಿ ಚುಕ್ಕೆ ಮಾತ್ರ. ಸಿಂಧನೂರಿನ ದಂತವೈದ್ಯರು ಆ ಹಲ್ಲಿನ ತೂತನ್ನು ಆಮೇಲೆ ತುಂಬಿದರು. ಅಂದು ನಜ್ಮಾ ಅರ್ಧ ಮೊಟ್ಟೆ ತಿಂದಾಗಲೇ ಅಮರಮ್ಮನಿಗೆ ಹೋದ ಜೀವ ಬಂದಿತ್ತು. ಹುಳದ ಕತೆ ಅಲ್ಲಿಗೇ ಮುಗಿಯಿತು, ಅದರ ಜಾಗಕ್ಕೆ ತೆನಿಯಮ್ಮ ಬಂದಳು.

ನಜ್ಮಾ ಈಗ ಒಂದನೇ ತರಗತಿ. ಸನ್ಮಾನವೇನಾದರೂ ಸಿಕ್ಕಿದೆಯೇ ಎಂದರೆ ಅಮರಮ್ಮ ಸೆರಗಿನಲ್ಲಿ ನಗು ಒರೆಸಿಕೊಳ್ಳುತ್ತಾರೆ.

"ಅದ್ಯಾಕ್ರೀ? ದೊಡ್ಡ ಸಾಲಿಗೆ ಹೋಗೋ ಹುಡುಗ್ರು ದಾರ್ಯಾಗ ಸಿಕ್ರ ನನಗ ನಮಸ್ಕಾರ ಮಾಡಂಗಿಲ್ಲ. ನಿಂತು 'ಆ' ಅಂತ ಬಾಯಿ ತೆರದು ತೋರಸ್ತಾವ. ನನಗಷ್ಟ ಸಾಕು."