ಮಾತಿನ ಮೇಷ್ಟ್ರು
ಕಾಲೇಜಿನಲ್ಲಿ ಮಾತನಾಡುವ ಕಲೆ ಕಲಿಸುವ ಮೇಷ್ಟ್ರಿಗೆ ಬಾಯಿಗೆ ಬೀಗವೆಂಬುದೇ ಇಲ್ಲ. ದೇಶದೇಶಗಳಿಂದ ಬಂದ ಹುಡುಗ ಹುಡುಗಿಯರು ಅವರ ತರಗತಿಗೆ ಬರುತ್ತಾರೆ. ಯಾರಿಗೂ ಬೇಸರವಾಗದಂತೆ ಒಬ್ಬರ ಕೈ ಕುಲುಕಿ, ಇನ್ನೊಬ್ಬರಿಗೆ ಬಾಗಿ, ಮತ್ತೊಬ್ಬರಿಗೆ ಎದೆಯ ಮೇಲೆ ಕೈಯಿಟ್ಟು ವಂದಿಸುವಷ್ಟರಲ್ಲಿ ಅರ್ಧ ಪಾಠದ ಹೊತ್ತು ಮುಗಿದಿರುತ್ತದೆ. ಒಮ್ಮೆ ಗಡಿಬಿಡಿಯಲ್ಲಿ ಬಾಗಿಲ ಹಿಡಿಯನ್ನೂ ಕುಲುಕಿದರಂತೆ. "ಮಾತು ಬಲ್ಲವನಿಗೆ ಜಗಳವಿಲ್ಲ ಕಣ್ರೋ" ಎಂಬುದು ಅವರ ತಾರಕಮಂತ್ರ; "ಅದಕ್ಕೇ ನಿಮಗೆ ದಿನಾ ಜಗಳ" ಎನ್ನುವುದು ಅವರ ಹೆಂಡತಿಯ ಉತ್ತರ. ಎಲ್ಲಕ್ಕಿಂತ ದೊಡ್ಡ ಪಾಠ ಕಣ್ಣಿನದು. "ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ, ನೆಲದ ಜೊತೆ ಏನು ಮಾತು?" ಎಂದು ಮೇಜು ಕುಟ್ಟುತ್ತಾರೆ. ಈ ವರ್ಷ ದೂರದಿಂದ ಬಂದ ಹುಡುಗಿಯೊಬ್ಬಳು ಮಾತ್ರ ಅವರು ಎಷ್ಟು ಕುಟ್ಟಿದರೂ ತಲೆಯೆತ್ತಲಿಲ್ಲ, ಬಾಯಿ ಬಿಡಲಿಲ್ಲ. ಕಡೆಗೆ ಅವಳ ಗೆಳತಿ ಬಂದು, "ಸಾರ್, ಅವರ ಕಡೆ ದೊಡ್ಡೋರ ಮುಖ ನೋಡಿ ಮಾತಾಡಿದ್ರೆ ತಲೆಹರಟೆ ಅಂತಾರಂತೆ. ನೀವು ನೋಡ್ತಾ ಇದ್ರೆ ಅವಳಿಗೆ ಮಾತಾಡೋಕೇ ಆಗಲ್ಲ" ಎಂದಳು. ಮೇಷ್ಟ್ರ ಮುಖ ಸಣ್ಣಗಾಯಿತು. ಮರುದಿನ ಅವಳ ಸರದಿ ಬಂದಾಗ ಅವರು ತರಗತಿಗೆ ಬೆನ್ನು ಮಾಡಿ, ಆಗಲೇ ಒರೆಸಿಟ್ಟಿದ್ದ ಕರಿಹಲಗೆಯನ್ನು ಮತ್ತೆ ಒರೆಸತೊಡಗಿದರು. "ಹೇಳಮ್ಮ, ನಿಮ್ಮನೇಲಿ ಯಾರ್ಯಾರಿದ್ದೀರಿ?" ಎಂದು ಹಲಗೆಯನ್ನೇ ಕೇಳಿದರು. ತಡವರಿಸುತ್ತ ಶುರುವಾದ ಹುಡುಗಿಯ ಮಾತು ಅಜ್ಜಿಯನ್ನೂ ತಮ್ಮಂದಿರನ್ನೂ ದಾಟಿ ಮನೆಯ ಕುಂಟು ನಾಯಿಯವರೆಗೆ ಹೋಯಿತು. ತರಗತಿಯೆಲ್ಲ ನಕ್ಕಿತು, ಅವಳೂ ನಕ್ಕಳು. ಮೇಷ್ಟ್ರು ಮಾತ್ರ ತುಟಿ ಎರಡು ಮಾಡದೆ, ಖಾಲಿ ಹಲಗೆಯನ್ನು ಒರೆಸುತ್ತಲೇ ಇದ್ದರು.