ಜುಟ್ಟು ಕಿತ್ತ ಕಾಯಿ

—ಅಥವಾ ನಾನು ಹೇಳಿದ್ದು ಸರಿಯಾಗಿ ಅದೇ ಮಾತಲ್ಲವೋ ಏನೋ. ತುಳುವಿನಲ್ಲಿ ಆಡಿದ್ದನ್ನು ಇಷ್ಟು ವರ್ಷಗಳ ಮೇಲೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ದಾಟುವಾಗಲೇ ಮಾತು ಸ್ವಲ್ಪ ಸಭ್ಯವಾಗಿಬಿಡುತ್ತದೆ. ಆದರೆ ಅದರ ಅರ್ಥದಲ್ಲಿ ನನಗೆ ಸಂಶಯವಿಲ್ಲ. ಗೊತ್ತಿದ್ದದ್ದನ್ನು ಗೊತ್ತಿಲ್ಲ ಎಂದೆ. ಹಾಗೆಂದು ಗೆಳೆಯ ಸಂಜೀವನ ಹೆಸರು ಕೆಡಿಸಿದೆ, ಅವನಿಗೆ ಸಲ್ಲಬಹುದಾಗಿದ್ದ ವಿದ್ಯೆಯನ್ನು ನಾನು ಪಡೆದೆ. ಉಳಿದದ್ದೆಲ್ಲ ವಿವರ. ನನ್ನ ವಿವರಗಳನ್ನು ನಾನೇ ಪೂರ್ತಿ ನಂಬುವುದಿಲ್ಲ — ಆದರೂ ಬರೆಯಬೇಕು.

ಬರೆಯಲು ಕಾರಣ ಪಶ್ಚಾತ್ತಾಪ ಎಂದರೆ ಚೆನ್ನಾಗಿ ಕೇಳಿಸುತ್ತದೆ. ನಿಜವಾದ ಕಾರಣ ಸಿಟ್ಟು. ಮೊನ್ನೆ ನಮ್ಮ ಕೇರಿ ಜೆಪ್ಪುವಿನ ಕೆಲವು ಯುವಕರು ಮನೆಗೆ ಬಂದಿದ್ದರು. ಯುದ್ಧದ ಕಾಲದಲ್ಲಿ ತಿನ್ನುವುದಕ್ಕೇ ಕಷ್ಟವಾಗಿ ನಿಂತುಹೋದ ಕಾಯಿ ಕುಟ್ಟುವ ಆಟವನ್ನು ಈ ದೀಪಾವಳಿಗೆ ಮತ್ತೆ ಶುರು ಮಾಡುತ್ತಾರಂತೆ; ಹಳೆಯ ಆಟಗಾರನೆಂದು ನನಗೆ ಶಾಲು ಹೊದಿಸುತ್ತಾರಂತೆ. ಅವರಲ್ಲೊಬ್ಬ ಸಭೆಯಲ್ಲಿ ಆಡಬೇಕಾದ ಪರಿಚಯದ ಮಾತನ್ನು ನನ್ನ ಮುಂದೆಯೇ ಒಪ್ಪಿಸಿದ: "ಹಂಚಿನ ಕಾರ್ಖಾನೆಯ ಒಬ್ಬ ಮೋಸಗಾರನನ್ನು ನೇರ ಆಟದಲ್ಲಿ ಸೋಲಿಸಿದ ನಮ್ಮ ವಾಸು ಮೇಷ್ಟ್ರು." ಒಬ್ಬ ಮೋಸಗಾರ! ಹೆಸರು ಕೂಡ ಉಳಿದಿಲ್ಲ. ಸುಳ್ಳು ಎಷ್ಟು ಅಚ್ಚುಕಟ್ಟಾಗಿ ಬೆಳೆದಿದೆ ನೋಡಿ — ಬಿತ್ತಿದವನ ಮನೆಬಾಗಿಲಿಗೇ ಬಂದು, ಕಾಲಿಗೆ ನಮಸ್ಕಾರ ಮಾಡಿ, ಕಾಫಿ ಕುಡಿದು ಹೋಯಿತು.

ಕಾಯಿ ಕುಟ್ಟುವುದು ಎಂದರೆ ಘಟ್ಟದ ಮೇಲಿನವರಿಗೆ ನಗು ಬಂದೀತು. ಇಬ್ಬರ ಕೈಯಲ್ಲೂ ಸುಲಿದ ತೆಂಗಿನಕಾಯಿ. ಒಬ್ಬ ತನ್ನದನ್ನು ಅಂಗೈಯಲ್ಲಿ ಹಿಡಿದು ಒಡ್ಡುತ್ತಾನೆ, ಇನ್ನೊಬ್ಬ ತನ್ನ ಕಾಯಿಯಿಂದ ಅದಕ್ಕೆ ಕುಟ್ಟುತ್ತಾನೆ. ಒಡೆದದ್ದು ಸೋತಿತು. ಇಷ್ಟೇ. ಆದರೆ ಈ ಇಷ್ಟರಲ್ಲಿ ನಾವು ನಮ್ಮ ಹರೆಯವನ್ನೆಲ್ಲ ಕಳೆದೆವು. ಉಗುರಿನಿಂದ ಬಡಿದು ಚಿಪ್ಪಿನ ದಪ್ಪವನ್ನು ಕಿವಿಯಲ್ಲಿ ಅಳೆಯುವುದು, ಗಾಜಿನ ಚೂರಿನಿಂದ ನಾರು ಹೆರೆಯುವುದು, ಎದುರಿನ ಕಾಯಿಯ ದುರ್ಬಲ ಜಾಗವನ್ನು ಹುಡುಕುವುದು — ಇವೆಲ್ಲ ಬಲಗೈಯ ಕೆಲಸ, ಕಲಿಯಬಹುದಾದದ್ದು. ಕಷ್ಟವಿದ್ದದ್ದು ಎಡಗೈಯಲ್ಲಿ, ಒಡ್ಡುವ ಕೈಯಲ್ಲಿ. ಆ ಹಿಡಿತ ಜೆಪ್ಪುವಿನಲ್ಲಿ ದೂಮಣ್ಣನೆಂಬ ಮುದುಕನಿಗೆ ಮಾತ್ರ ಗೊತ್ತಿತ್ತು. ಅವನ ಅಂಗೈಯಲ್ಲಿ ಕುಳಿತ ಕಾಯಿ ಒಡೆದದ್ದನ್ನು ನಾವಾರೂ ಕಂಡವರಲ್ಲ. ಆ ವರ್ಷ ಅವನು ಎಲ್ಲರ ಎದುರು ಹೇಳಿದ್ದ: "ಈ ದೀಪಾವಳಿಗೆ ಕೊನೆಗೆ ಯಾರ ಕಾಯಿ ಉಳೀತದೋ, ಅವನಿಗೆ ನನ್ನ ಎಡಗೈ ಕೊಡ್ತೇನೆ. ಒಬ್ಬನಿಗೆ ಮಾತ್ರ. ಮತ್ತೆ ಕೇಳ್ಲಿಕ್ಕೆ ಬರಬೇಡಿ."

ನಾನು ಅರ್ಚಕರ ಮಗ, ಆಗಷ್ಟೇ ಶಾಲೆಯಲ್ಲಿ ಕಲಿಸಲು ಸೇರಿದ್ದೆ. ಸಂಜೀವ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಸುವವನು. ಅವನನ್ನು ಸಾಧು ಮನುಷ್ಯನನ್ನಾಗಿ ಮಾಡಿ ಬರೆಯಲು ಕೈ ಹೋಗುತ್ತಿದೆ. ಹಾಗೆ ಬರೆದರೆ ಅದು ಇನ್ನೊಂದು ಮೋಸ. ಅವನು ಬಡಾಯಿಗಾರ, ಬಾಯಿ ಕೆಟ್ಟವನು. ನನ್ನ ಹಿಡಿತ ನೋಡಿ, "ನಿನ್ನ ಎಡಗೈ ಗಂಟೆ ಆಡಿಸ್ಲಿಕ್ಕೆ ಲಾಯ್ಕ್ ಉಂಟು ಭಟ್ರೆ, ಇದಕ್ಕಲ್ಲ" ಎಂದು ನಾಲ್ಕು ಜನರ ಮುಂದೆ ನಗುತ್ತಿದ್ದ. ಆದರೂ ನಾವು ಜೋಡಿ. ಜೋಡಿ ಎಂದರೆ ಬರೀ ಸ್ನೇಹವಲ್ಲ, ಆಟದ ಕಟ್ಟಳೆ.

ಆ ಕಟ್ಟಳೆಯನ್ನು ಹೇಳದೆ ನನ್ನ ಅಪರಾಧ ತಿಳಿಯುವುದಿಲ್ಲ. ಕಾಯಿಯ ಕಣ್ಣುಗಳ ಮೇಲೆ ನಾರಿನ ಜುಟ್ಟು ಬಿಟ್ಟಿರುತ್ತಾರೆ. ಜುಟ್ಟಿನಡಿಯ ಮೆತ್ತನೆಯ ಕಣ್ಣಿಗೆ ತೂತು ಕೊರೆದು, ನೀರು ತೆಗೆದು, ಅರಗನ್ನೋ ನಯವಾದ ಮಣ್ಣನ್ನೋ ತುಂಬಿ ಮುಚ್ಚಿದರೆ ಕಾಯಿ ಕಲ್ಲಾಗುತ್ತದೆ. ಜುಟ್ಟು ಕಿತ್ತು ನೋಡಬಹುದಲ್ಲ? ನೋಡಬಹುದು. ಆದರೆ ಅಂಗಳದಲ್ಲಿ ಜುಟ್ಟು ಕಿತ್ತ ಕಾಯಿ, ಬರೀ ಸರಿಸಿ ನೋಡಿದ್ದಾದರೂ, ಆಟಕ್ಕಿಲ್ಲ, ಅಡುಗೆಗೆ. ದಿನಕ್ಕೆ ಒಬ್ಬನಿಗೆ ಒಂದೇ ಕಾಯಿ. ಅದಕ್ಕಾಗಿಯೇ ಪ್ರತಿ ಆಟಗಾರನ ಕಾಯಿಯನ್ನು ಅವನ ಜೋಡಿಯವನು ಕಣ್ಣು ನೋಡಿ ಕಾಯ್ದಿರಬೇಕು. ಸಂಶಯ ಬಂದಾಗ "ಕಣ್ಣು ಶುದ್ಧ ಉಂಟು" ಎಂದುಬಿಟ್ಟರೆ ಮುಗಿಯಿತು, ಮತ್ತೆ ಯಾರೂ ಮುಟ್ಟುವಂತಿಲ್ಲ; ಅನ್ನದಿದ್ದರೆ ಜುಟ್ಟು ಕೀಳಲೇಬೇಕು. ಆ ಬೆಳಿಗ್ಗೆ, ಎಣ್ಣೆಸ್ನಾನ ಮುಗಿಸಿ, ನಮ್ಮ ಮನೆಯ ಜಗಲಿಯಲ್ಲಿ ಸಂಜೀವನ ಕಾಯಿಯ ಜುಟ್ಟು ಸರಿಸಿ ಕಣ್ಣು ನೋಡಿದವನು ನಾನು. ಅಂಗಳ ತಲಪುವ ತನಕ ಅದು ನನ್ನ ಹೆಗಲ ಬೈರಾಸಿನಲ್ಲೇ ಸುತ್ತಿಕೊಂಡಿತ್ತು. ನನಗೆ ಗೊತ್ತಿತ್ತು.

ಆಟ ಎಣ್ಣೆ ವ್ಯಾಪಾರಿ ಮಂಜಯ್ಯನ ಅಂಗಡಿಯ ಎದುರಿನ ಅಂಗಳದಲ್ಲಿ. ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ನಾವಿಬ್ಬರೇ. ಕುಟ್ಟುವ ಸರದಿ ಅವನದು, ಒಡ್ಡುವುದು ನನ್ನದು. ನನ್ನ ನೆನಪಿನಲ್ಲಿ ಆಗ ಕಣ್ಣಿಗೆ ಬಿಸಿಲು ಹೊಡೆಯುತ್ತಿದೆ — ಈ ಬಿಸಿಲನ್ನು ನಾನು ಆಮೇಲೆ ಸೇರಿಸಿಕೊಂಡದ್ದಿರಬೇಕು. ಆ ಅಂಗಳದ ತುಂಬ ಹಲಸಿನ ಮರದ ನೆರಳಿತ್ತು.

ಮಂಜಯ್ಯ ನಗುತ್ತಲೇ ಕೇಳಿದ: "ಸಂಜೀವ, ನಿನ್ನ ಕಾಯಿ ಸ್ವಲ್ಪ ಭಾರ ಉಂಟಲ್ಲ ಮಾರಾಯ. ಒಳಗೆ ಎಂತ, ನೀರಾ, ಹಂಚಿನ ಮಣ್ಣಾ?"

"ನೀರೇ ಮಂಜಣ್ಣ. ನಿಮ್ಮ ಎಣ್ಣೆಯಲ್ಲಿ ಇರುವಷ್ಟು ಇಲ್ಲ."

ಅಂಗಳವೆಲ್ಲ ನಕ್ಕಿತು. ನಾನೂ ನಕ್ಕೆ. ಮಂಜಯ್ಯನ ನಗು ನಿಂತಿತು. "ಹಾಗಾದ್ರೆ ಜೋಡಿಯವ ಹೇಳಲಿ. ವಾಸು, ನೀನು ಭಟ್ರ ಮಗ, ಸುಳ್ಳು ಹೇಳ್ಲಿಕ್ಕಿಲ್ಲ. ಕಣ್ಣು ಶುದ್ಧ ಉಂಟಾ?"

ಸಂಜೀವ ನನ್ನ ಕಡೆ ನೋಡಲೂ ಇಲ್ಲ. ಬನಿಯನ್ನಿನ ಅಂಚಿನಿಂದ ಕಾಯಿ ಒರೆಸುತ್ತಿದ್ದ. ಉತ್ತರ ಏನೆಂದು ಅವನಿಗೆ ಗೊತ್ತಿತ್ತು. ಅದಕ್ಕೆ ಕಾಯುವ ಅಗತ್ಯವೂ ಇರಲಿಲ್ಲ.

"ನನಗೆ ಗೊತ್ತಿಲ್ಲ."

ಅವನು ತಲೆಯೆತ್ತಿದ. "ಎಂತದು ಗೊತ್ತಿಲ್ಲ? ನಿನ್ನ ಜಗಲಿಯಲ್ಲೇ ಅಲ್ವಾ ನೋಡಿದ್ದು?"

"ನಾನು ನಡುವೆ ಒಳಗೆ ಹೋಗಿದ್ದೆ."

ಹೋಗಿದ್ದೆನೇ? ನೀರು ಕುಡಿಯಲು ಹೋಗಿರಬಹುದು, ನಾನು ಕಣ್ಣು ನೋಡುವುದಕ್ಕೆ ಮೊದಲು. ನಿಜದ ಒಂದು ಚೂರನ್ನು ಸುಳ್ಳಿಗೆ ಒತ್ತು ಕೊಡಲು ಇಟ್ಟೆ. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಏನಿತ್ತು — ದೂಮಣ್ಣನ ಎಡಗೈಯೇ, ಗಂಟೆ ಆಡಿಸುವ ಮಾತಿನ ಉರಿಯೇ, ಅವನ ಹೊಡೆತದ ಹೆದರಿಕೆಯೇ... ಒಂದೊಂದು ವರ್ಷ ಒಂದೊಂದನ್ನು ನಂಬಿದ್ದೇನೆ. ಈಗ ಯಾವುದನ್ನೂ ಹೇಳುವುದಿಲ್ಲ. ಕಾರಣ ಕೊಟ್ಟರೆ ಕೇಳುವವರು ತಲೆಯಾಡಿಸುತ್ತಾರೆ, ತಲೆಯಾಡಿಸಿದರೆ ಅರ್ಧ ಕ್ಷಮಿಸಿದಂತೆ.

ಜುಟ್ಟನ್ನು ಸಂಜೀವನೇ ಕಿತ್ತ. ಕಣ್ಣುಗಳನ್ನು ಮಂಜಯ್ಯನ ಮೂಗಿನ ಹತ್ತಿರ ಹಿಡಿದ. ಎಲ್ಲವೂ ಹುಟ್ಟಿದ ಹಾಗೇ ಇದ್ದವು. ಆಮೇಲೆ ಅಂಗಡಿಯ ಮೆಟ್ಟಿಲಿಗೆ ಕಾಯಿಯನ್ನು ಅಪ್ಪಳಿಸಿದ. ನೀರು ಚೆಲ್ಲಿತು. ಬಿಳಿ ತಿರುಳು.

"ಶುದ್ಧ ಉಂಟು ಮಾರಾಯ," ಎಂದ ಮಂಜಯ್ಯ. "ಎಂತ ಮಾಡುದು, ಜುಟ್ಟು ಹೋಯ್ತಲ್ಲ."

"ಲಾಯ್ಕ್ ಬೆಳೆದ ಕಾಯಿ, ಚಟ್ನಿಗೆ ಆಗ್ತದೆ," ಎಂದ ಇನ್ಯಾರೋ. ಆಟ ಮುಗಿಯಿತು. ಇಡಿಯಾಗಿ ಉಳಿದದ್ದು ನನ್ನ ಕಾಯಿ. ಸಂಜೀವ ತಿರುಳಿನ ಒಂದು ಚೂರು ಎಬ್ಬಿಸಿ ನನಗೆ ಕೊಟ್ಟ: "ತಿನ್ನು ಭಟ್ರೆ. ಈಗಾದ್ರೂ ಗೊತ್ತಾಗ್ಲಿ." ತಿಂದೆ. ಸಿಹಿಯಾಗಿತ್ತು.

ನನ್ನ ಸಿಟ್ಟು ಆ ಅಂಗಳದ ಮೇಲೂ ಇದೆ. ಎಲ್ಲರೂ ನೋಡಿದರು. ಎಲ್ಲರೂ ಆ ಕಾಯಿಯನ್ನು ಹಂಚಿಕೊಂಡು ತಿಂದರು. ಕೈ ಒರೆಸಿಕೊಂಡು ಮನೆಗೆ ಹೋದ ಮೇಲೆ ಅವರೇ ಹೇಳಿದರು: ಏನೂ ಇಲ್ಲದೆ ಜೋಡಿಯವನು ಹಾಗೆ ಅನ್ನುತ್ತಾನೆಯೇ? ಈ ಕಾಯಿ ಸರಿ ಇದ್ದಿರಬಹುದು, ಹಿಂದಿನವು? ಬಾಯಲ್ಲಿ ಇನ್ನೂ ಅದರ ರುಚಿ ಇದ್ದಾಗ! ಮಣ್ಣು ತುಳಿಸುವವನ ಕಾಯಿಯಲ್ಲಿ ಮಣ್ಣಿರಲೇಬೇಕು, ಅರ್ಚಕರ ಮಗನ ಬಾಯಲ್ಲಿ ನಿಜವಿರಲೇಬೇಕು — ಇಷ್ಟು ಮೊದಲೇ ತೀರ್ಮಾನವಾಗಿತ್ತು. ನಾನು ಅದಕ್ಕೆ ಒಂದು ಮಾತು ಕೊಟ್ಟೆ, ಅಷ್ಟೇ... ಅಲ್ಲ, 'ಅಷ್ಟೇ' ಎಂದು ಬರೆಯಬಾರದು. ಆ ಮಾತಿಲ್ಲದಿದ್ದರೆ ಅವರ ತೀರ್ಮಾನಕ್ಕೆ ನಿಲ್ಲಲು ಜಾಗವಿರಲಿಲ್ಲ.

ಮುಂದಿನ ಹಬ್ಬಕ್ಕೆ ಸಂಜೀವನ ಎದುರು ಕಾಯಿ ಒಡ್ಡಲು ಯಾರೂ ಬರಲಿಲ್ಲ. ಅವನು ಅಂಗಳದ ನಡುವೆ ಸ್ವಲ್ಪ ಹೊತ್ತು ನಿಂತು, ತನ್ನ ಕಾಯಿಯ ಜುಟ್ಟನ್ನು ತಾನೇ ಕಿತ್ತು, ಮಂಜಯ್ಯನ ಕಟ್ಟೆಯ ಮೇಲಿಟ್ಟು ಹೋದ. ಮಳೆ ಬರುವ ಮೊದಲೇ ಬೊಂಬಾಯಿಯ ಸ್ಟೀಮರು ಹತ್ತಿದನೆಂದು ಕೇಳಿದೆ. ಬಂದರಿಗೆ ನಾನು ಹೋಗಲಿಲ್ಲ.

ದೂಮಣ್ಣ ಮಾತಿಗೆ ತಪ್ಪಲಿಲ್ಲ. ಏನೂ ಕೇಳದೆ ನನಗೆ ಕಲಿಸಿದ. ಹೊಡೆತ ಬೀಳುವಾಗ ಕೈ ಹಿಂದೆ ಸರಿಯಬಾರದು, ಬಿಗಿಯಲೂಬಾರದು. ಬೀಳುವ ಕಾಯಿಯ ಜೊತೆಗೆ ಕೂದಲೆಳೆಯಷ್ಟು ಇಳಿಯಬೇಕು. ಬಲು ಪ್ರಯಾಸದಿಂದ ಬಂತು. ಬಂದ ಮೇಲೆ ಹೋಗಲಿಲ್ಲ. ಇಂದಿಗೂ ಯಾರಾದರೂ ನನ್ನ ಕೈಗೆ ಏನಾದರೂ ಭಾರವಾದದ್ದನ್ನು ಕೊಟ್ಟರೆ ಎಡಗೈ ತಾನಾಗಿ ಇಳಿಯುತ್ತದೆ. ಆ ಕೈಯನ್ನು ಮೆಚ್ಚಿಯೇ ಈಗ ಶಾಲು ತರುತ್ತಿದ್ದಾರೆ.

ಯುವಕರಿಗೆ ಇದನ್ನೆಲ್ಲ ಹೇಳಿದೆ. ಪರಿಚಯ ಒಪ್ಪಿಸಿದವನು ಹೇಳಿದ: "ಇರ್ಲಿ ಮೇಷ್ಟ್ರೆ, ಹಳೇ ಕಥೆ. ಈಗ ಯಾರಿಗೆ ಎಂತ ಉಂಟು? ನೀವು ಬಂದು ಕೂತ್ರೆ ಸಾಕು."

ಯಾರಿಗೆ ಎಂತ ಉಂಟು! ಶಾಲು ಬೇಡವೆಂದು ಕಳಿಸಿದೆ. ಹಬ್ಬದ ದಿನ ಹೋಗುತ್ತೇನೆ — ಕೂರಲು ಅಲ್ಲ, ಆ ಅಂಗಳದಲ್ಲಿ ನಿಂತು ಸಂಜೀವನ ಹೆಸರು ಹೇಳಿ, ಕಣ್ಣು ಶುದ್ಧವಿತ್ತು ಎನ್ನಲು. ಅದರಿಂದ ಅವನಿಗೆ ಏನೂ ಹಿಂತಿರುಗುವುದಿಲ್ಲ. ಅವನು ಬದುಕಿದ್ದಾನೋ, ಆಮೇಲೆ ಎಂದಾದರೂ ಕಾಯಿ ಹಿಡಿದನೋ, ದೂಮಣ್ಣ ಎಲ್ಲ ತಿಳಿದೇ ಕಲಿಸಿದನೋ — ಹೇಳಬಲ್ಲವರು ನನ್ನ ಸುತ್ತ ಯಾರೂ ಉಳಿದಿಲ್ಲ.

ಆ ಮಧ್ಯಾಹ್ನ ಒಂದು ಹೊಡೆತ ಬಾಕಿ ಇತ್ತು. ಅವನ ಬಲಗೈಯಲ್ಲಿ ಕಾಯಿ, ನನ್ನ ಎಡಗೈಯಲ್ಲಿ ಕಾಯಿ, ನಡುವೆ ಒಂದು ಮೊಳ. ಅದು ಬಿದ್ದಿದ್ದರೆ ಯಾರದು ಒಡೆಯುತ್ತಿತ್ತು? ಗೆಲ್ಲುತ್ತಿದ್ದವನು ನಾನೇ ಆಗಿರುತ್ತಿದ್ದೆನೋ ಏನೋ.

ನನಗೆ ಗೊತ್ತಿಲ್ಲ.